ಕಳೆಯದೆ ಬಿಟ್ಟ ಒಂದು ಅಡಿ

ಹಸಿ ಸುಣ್ಣದ ವಾಸನೆ, ಬಾಗಿಲು ತೆರೆದೊಡನೆ ಮೂಗಿಗೆ ಬಡಿದದ್ದು ಅದೇ, ಹಳೆಯ ಗ್ರಂಥಾಲಯಕ್ಕೆ ಈ ವಾಸನೆ ಇರಲಿಲ್ಲ, ಅಲ್ಲಿ ಕಾಗದದ ಧೂಳು, ಒದ್ದೆ ಕೊಡೆ — ಹೆಂಡತಿ ನನ್ನ ತೋಳು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಾಳೆ, ಹೊರಗೆ ಚೌಕ ಬಿಸಿಲಲ್ಲಿ ತೂಕಡಿಸುತ್ತಿದೆ, ರೀ, ಎಡಗಡೆ ನಾಟಕಶಾಲೆ ಇತ್ತಲ್ಲ, ಈಗೇನಿದೆ ಅಂತ ಕೇಳಿದಳು ಬರುವಾಗ, ಕಾರು ನಿಲ್ಲಿಸೋ ಜಾಗ ಅಂದೆ, ಅಂಚೆ ಕಚೇರಿ, ಅದೂ ಕಾರು, ಗಡಿಯಾರದ ಗೋಪುರ, ಅದೂ ಕಾರೇ ಕಣೇ, ಹಾಗಾದ್ರೆ ಈ ಊರಲ್ಲಿ ಜನಕ್ಕಿಂತ ಕಾರಿಗೇ ಮರ್ಯಾದೆ ಅಂತ ನಕ್ಕಳು. ಒಂದೇ ವರ್ಷದಲ್ಲಿ ಗ್ರಂಥಾಲಯವೂ ಸೇರಿ ನಾಲ್ಕನ್ನೂ ನೆಲಸಮ ಮಾಡಿದರು, ನಾಟಕಶಾಲೆಯ ಮೆಟ್ಟಿಲು ಮಾತ್ರ ಎರಡು ದಿನ ಎಲ್ಲಿಗೂ ಹೋಗದೆ ನಿಂತಿತ್ತು, ಜನ ಅದರ ಮೇಲೆ ಕೂತು ಪತ್ರಿಕೆ ಓದುತ್ತಿದ್ದರು, ಮೂರು ಕಟ್ಟಡಗಳ ನಕ್ಷೆ ಯಾವ ಕಪಾಟಿನಲ್ಲಿ ಗೆದ್ದಲು ತಿಂದಿತೋ, ಗ್ರಂಥಾಲಯದ್ದು ಉಳಿಯಿತು, ಅದಕ್ಕೇ ಅದೊಂದು ಮತ್ತೆ ಎದ್ದಿದೆ, ಕೆಡವುವ ಮುಂಚೆ ನಾನು ಅಳೆದು ಬರೆದ ನಕ್ಷೆ.

ಆಗ ಅಳೆದ ಟೇಪಿನ ಮೊದಲ ಅಡಿ ಹರಿದುಹೋಗಿತ್ತು, ಒಂದರ ಗೆರೆಯಿಂದ ಹಿಡಿದು, ಬಂದದ್ದರಲ್ಲಿ ಒಂದು ಕಳೆಯಬೇಕು, ನಮ್ಮ ಕಚೇರಿಯಲ್ಲಿ ಹೊಸ ಟೇಪು ಕೇಳುವುದಕ್ಕಿಂತ ಅದೇ ಸುಲಭ, ಎಲ್ಲ ಕೋಣೆಗೂ ಕಳೆದೆ, ಓದುವ ಕೋಣೆಗೆ ಮರೆತೆ, ಟೇಪಿನ ಆ ತುದಿ ಹಿಡಿದಿದ್ದವಳು ಇವಳು, ಆಗ ಅಲ್ಲಿನ ಗ್ರಂಥಪಾಲಕಿ. ಆಗಲೇ ಇವಳ ಕಣ್ಣು ಮಂಜಾಗುತ್ತಿತ್ತು, ಸಾಹೇಬರಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ, ಯಾರಿಗೂ ಹೇಳಬೇಡಿ, ಬಾಗಿಲಿಂದ ಗೋಡೆಗಂಟಿದ ನನ್ನ ಮೇಜಿಗೆ ಹದಿನೆಂಟು ಹೆಜ್ಜೆ, ನೋಡಿ ಅಂತ ನಡೆದು ತೋರಿಸಿದಳು, ಹದಿನೆಂಟನೆಯದಕ್ಕೆ ಅಂಗೈ ಮರದ ಅಂಚಿನ ಮೇಲೆ, ಪಟ್ ಅಂತ, ನಾನು ಆ ಅಂಗೈಯನ್ನೇ ನೋಡುತ್ತ ನಲವತ್ತೊಂದು ಅಡಿ ಎಂದು ಬರೆದುಕೊಂಡೆ, ಮನಸ್ಸು ಕೊಟ್ಟವನ ಲೆಕ್ಕ. ಹೋದ ವಾರ ಹಳೆಯ ಅಳತೆ ಪುಸ್ತಕ ತಿರುವಿದರೆ ಎಲ್ಲದರ ಪಕ್ಕ ಕಳೆದ ಗುರುತು, ಅದೊಂದಕ್ಕೆ ಇಲ್ಲ, ಅಷ್ಟರಲ್ಲಿ ಗೋಡೆ ಎದ್ದು ಸುಣ್ಣವೂ ಆಗಿತ್ತು, ಇವಳಿಗೆ ಈಗ ಬೆಳಕಿನ ಚೂರೂ ಕಾಣದು, ತಿಂಗಳಿಂದ ಮನೆಯ ಹಜಾರದಲ್ಲಿ ಅದೇ ಹೆಜ್ಜೆ ಎಣಿಸುತ್ತಿದ್ದಾಳೆ, ಅಂಗೈ ಬೀರುವಿನ ಮೇಲೆ, ಪಟ್, ನನ್ನ ಕೋಣೆ ನನಗೆ ವಾಪಸ್ ಸಿಗುತ್ತೆ ರೀ, ಕಾಣದಿದ್ರೇನು, ನಿಮ್ಮ ಅಳತೆ ಯಾವತ್ತು ತಪ್ಪಿದೆ. ಹೇಳಬೇಕಿತ್ತು, ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ, ಈಗಲಾದರೂ, ನನಗೆ ಭಯ — ಕೈ ಬಿಡಿ, ಒಬ್ಬಳೇ ಹೋಗ್ತೀನಿ, ಹೋದಳು, ತುಟಿ ಅಲುಗುತ್ತಿದೆ, ಏಳು, ಎಂಟು, ಕಿಟಕಿಯ ಬಿಸಿಲು ಅವಳ ಭುಜದ ಮೇಲೆ ಹರಿದು ಹೋಯಿತು, ಬೆನ್ನು ನೆಟ್ಟಗಾಗಿದೆ, ಇಪ್ಪತ್ತೈದರ ಹುಡುಗಿ ನಡೆಯುತ್ತಿದ್ದಾಳೆ, ಹದಿನಾರು, ಓಡಿಹೋಗಿ ಮೇಜನ್ನು ಗೋಡೆ ಸಮೇತ ಈಚೆಗೆ ಎಳೆಯಬಲ್ಲೆನೇ, ಹದಿನೇಳು, ಹದಿನೆಂಟು, ಕೈ ಇಳಿಯಿತು, ಗಾಳಿಯಲ್ಲಿ ಅಂಗೈ, ಮೇಜಿಗೂ ಅದಕ್ಕೂ ನಡುವೆ ಒಂದಡಿ, ಅವಳು ತಿರುಗಲಿಲ್ಲ, ನಾನೇ ತಪ್ಪು ಎಣಿಸಿದ್ನಾ ರೀ ಅಂತ ಮೆಲ್ಲಗೆ ಕೇಳಿದಳು, ಅಂಗೈ ಇನ್ನೂ ಅಲ್ಲೇ, ಏನನ್ನೂ ಮುಟ್ಟದ ಅಂಗೈ, ಅಂಗೈ