ಬೆರಳು ಕಾಣುವ ಹಾಗೆ

ಯೋಗಾನಂದನಿಗೆ ಸಿಟ್ಟು ಬರಲು ಕಾರಣವೇ ಬೇಕಿರಲಿಲ್ಲ. ಆ ದಿನ ಕಾರಣವೂ ಇತ್ತು. ಜಾಲಹಳ್ಳಿಯಲ್ಲಿ ಅವನು ರಿಪೇರಿ ಕೆಲಸ ಮಾಡುತ್ತಿದ್ದ ಮಾತ್ರೆ ಪ್ಯಾಕಿಂಗ್ ಕಾರ್ಖಾನೆಗೆ ಹೊಸ ಯಂತ್ರ ಬಂದಿತ್ತು. ಅದನ್ನು ಕೂರಿಸಿದ ಎಂಜಿನಿಯರ್ ಬಾಯಲ್ಲಿ ಒಂದು ಸಲ ವಿವರಿಸಿ ಹೊರಟುಹೋಗಿದ್ದ. "ಸೋಮವಾರ ಯಾರು ಓಡಿಸಿ ತೋರಿಸ್ತಾರೋ ಅವರಿಗೇ ಮಿಷಿನ್ನು. ಉಳಿದೋರು ಗೋಡೌನಲ್ಲಿ ಮೂಟೆ ಹೊರ್ಲಿ," ಎಂದಿದ್ದ ಸೂಪರ್‌ವೈಸರ್ ಭೀಮರಾಜ್.

ಹಳೆಯ ಯಂತ್ರವನ್ನು ಎಲ್ಲರಿಗಿಂತ ಚೆನ್ನಾಗಿ ಓಡಿಸುತ್ತಿದ್ದವಳು ಸ್ಮಿತಾ. ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಎಂಜಿನಿಯರ್ ಇಡೀ ಹೊತ್ತು ಯಂತ್ರಕ್ಕೆ ಮುಖಮಾಡಿ ಮಾತಾಡಿದ್ದರಿಂದ ಅವನ ತುಟಿಯೂ ಅವಳಿಗೆ ಕಂಡಿರಲಿಲ್ಲ.

"ಇದ್ಯಾವ ನ್ಯಾಯ ಗುರು?" ಯೋಗಾನಂದ ಸ್ಪ್ಯಾನರ್ ಬಿಸಾಡಿದ.

"ಸಿಟ್ಟು ಆಮೇಲ್ ಮಾಡ್ಕೊಳೋ," ಎಂದಳು ಪಕ್ಕದ ಮೇಜಿನ ಲುಬ್ನಾ. ಅವಳ ತಮ್ಮನಿಗೂ ಕಿವಿ ಕೇಳಿಸದ ಕಾರಣ ಅವಳಿಗೆ ಕೈಭಾಷೆ ಬರುತ್ತಿತ್ತು. "ಎಂಜಿನಿಯರ್ ಹೇಳಿದ್ದನ್ನ ನಾನ್ ಕೈಯಲ್ಲಿ ಹೇಳ್ತೀನಿ, ನೀನ್ ಶೂಟ್ ಮಾಡು. ಎಲ್ಲಿ ಸಿಕ್ಕಾಕ್ಕೊಂಡ್ಲೋ ಅಲ್ಲೇ ಒತ್ತಿ ನೋಡೋ ಹಂಗಿರ್ಬೇಕು."

ಒಂಬತ್ತನೇ ಕ್ಲಾಸಿಗೇ ಶಾಲೆಗೆ ಕೈಮುಗಿದಿದ್ದ ಯೋಗಾನಂದನಿಗೆ ಇಂಥದ್ದೆಂದರೆ ಹಸಿವು. ಸ್ಮಿತಾಳ ಫೋನಿನಲ್ಲಿ ಜಾಗ ತುಂಬಿತ್ತು, ತಗಡಿನ ಶೆಡ್ಡಿನೊಳಗೆ ನೆಟ್ ಬರುತ್ತಿರಲಿಲ್ಲ. ಹಾಗಾಗಿ ಆಫೀಸಿನವರು ಮೂಲೆಗೆಸೆದಿದ್ದ ಕಂಪ್ಯೂಟರಿನ ಧೂಳು ಕೊಡವಿ, ಅದನ್ನೇ ಸರ್ವರ್ ಮಾಡಿದ. ಮನೆಯ ವೈಫೈ ಡಬ್ಬಿ ತಂದು ಅದಕ್ಕೆ ಸಿಕ್ಕಿಸಿದ. ವಿಡಿಯೋಗಳೆಲ್ಲ ಕಂಪ್ಯೂಟರಿನಲ್ಲೇ ಇರುತ್ತವೆ; ಫೋನಿನಲ್ಲಿ ಒಂದೊಂದು ಕೆಲಸಕ್ಕೂ ಒಂದು ಚಿತ್ರ, ಒತ್ತಿದರೆ ಅದರ ತುಣುಕು ಓಡಿ ಬರುತ್ತದೆ.

ಲುಬ್ನಾ ಕೈಯಾಡಿಸುತ್ತ ಬಾಯಲ್ಲೂ ಹೇಳಿದ್ದಳು. ಮೊದಲ ಪರೀಕ್ಷೆಯಲ್ಲೇ ಅವಳ ದನಿ ಸ್ವಲ್ಪವೂ ತೊದಲದೆ ಹೊಮ್ಮಿತು. ಯೋಗಾನಂದ ಬೀಗಿದ. ಸ್ಮಿತಾ ಮಾತ್ರ ತಲೆಯಾಡಿಸಿ, ಕೈಯಲ್ಲಿ ಏನೋ ಹೇಳಿದಳು.

"ಬೆರಳು ಹಾರ್ತಾವಂತೆ," ಎಂದಳು ಲುಬ್ನಾ.

"ಏನ್ ಹಾರೋದು? ಎಷ್ಟ್ ಚೆನ್ನಾಗ್ ಬರ್ತೈತೆ! ಈ ಮುದಿ ಕಂಪ್ಯೂಟರಿಗೆ ಇದೇ ಹೆಚ್ಚು!"

ಸ್ಮಿತಾ ಹೆದರಲಿಲ್ಲ. ತುಣುಕನ್ನು ಮತ್ತೆ ಓಡಿಸಿ, ಎರಡೂ ಅಂಗೈಗಳಿಂದ ಅವನ ಕಿವಿ ಮುಚ್ಚಿ ಹಿಡಿದಳು.

ಆಗ ಕಂಡಿತು. ವಿಡಿಯೋದ ಭಾರ ಇಳಿಸಲೆಂದು ಅವನು ಪ್ರತಿ ಸೆಕೆಂಡಿನ ಚಿತ್ರಗಳಲ್ಲಿ ಮುಕ್ಕಾಲು ಪಾಲು ಕಿತ್ತೆಸೆದಿದ್ದ. ಲುಬ್ನಾಳ ಕೈ ಮೇಲಿತ್ತು, ಆಮೇಲೆ ಕೆಳಗಿತ್ತು. ನಡುವೆ ಬೆರಳು ಆಡಿದ ಮಾತೆಲ್ಲ ಮಾಯ. ದನಿ ಸರಾಗವಾಗಿದ್ದುದರಿಂದ ಚಿತ್ರವೂ ಸರಿಯಿದೆ ಎಂದುಕೊಂಡಿದ್ದ.

"ಥೂ, ಕಿವೀಲಿ ನೋಡ್ಬಿಟ್ನಲ್ಲಾ!" ಎಂದ. ಅಷ್ಟುದ್ದ ಬೈಗುಳ ಸಿದ್ಧವಿಟ್ಟುಕೊಂಡವನಿಗೆ ಒಂದು ಮಾತೂ ಇಲ್ಲದೆ ಉತ್ತರ ಸಿಕ್ಕಿತ್ತು. ಎಂಥ ಹೆಂಗಸಪ್ಪ ಇವಳು ಎನಿಸಿತು.

ಕಿತ್ತ ಚಿತ್ರಗಳನ್ನೆಲ್ಲ ಮರಳಿ ಸೇರಿಸಿದ. ಗೋಡೆ, ಮೇಜು ಕತ್ತರಿಸಿ, ಕೈ ಮತ್ತು ಮುಖವಷ್ಟೇ ಉಳಿಸಿ, ಅಳತೆ ಕುಗ್ಗಿಸಿದ. ದನಿಯನ್ನು ಪೂರ್ತಿ ತೆಗೆದ. ಕಂಪ್ಯೂಟರ್ ಏದುಸಿರು ಬಿಡದೆ ಓಡಿತು. ಸ್ಮಿತಾ ಹೆಬ್ಬೆರಳೆತ್ತಿದಳು.

ಸೋಮವಾರ ಭೀಮರಾಜ್ ಕೈಕಟ್ಟಿ ನಿಂತ. ಸ್ಮಿತಾ ಯಂತ್ರ ಶುರುಮಾಡಿದಳು. ಮಾತ್ರೆ ಸುತ್ತುವ ಹಾಳೆ ನಡುವೆ ಸೊಟ್ಟಗಾಗಿ ಸಿಕ್ಕಿಬಿತ್ತು.

"ಇವ್ಳ ಕೈಲಾಗಲ್ಲ ಅಂತ ನಂಗೊತ್ತಿತ್ತು!" ಎಂದ ಭೀಮರಾಜ್.

ಯೋಗಾನಂದ ಹಲ್ಲು ಕಚ್ಚಿದ. ಸ್ಮಿತಾ ಯಂತ್ರ ನಿಲ್ಲಿಸಿ, ಫೋನಿನ ಚಿತ್ರ ಒತ್ತಿದಳು. ಲುಬ್ನಾಳ ಬೆರಳುಗಳು ನೀರಿನಂತೆ ಹರಿದವು. ನೋಡಿದಳು, ಹಾಳೆ ನೇರ ಮಾಡಿದಳು, ಗುಂಡಿ ಒತ್ತಿದಳು. ಮಾತ್ರೆಯ ಪಟ್ಟಿಗಳು ಒಂದರ ಹಿಂದೊಂದು ಸಾಲಾಗಿ ಬೀಳತೊಡಗಿದವು.

ಭೀಮರಾಜ್ ಕಟ್ಟಿದ್ದ ಕೈ ಬಿಟ್ಟ. "ಆಯ್ತು ಕಣಮ್ಮ, ಮಿಷಿನ್ ನಿಂದೇ."

ಲುಬ್ನಾ ಅದನ್ನು ಕೈಯಲ್ಲಿ ಹೇಳಿದಳು. ಸ್ಮಿತಾ ನಕ್ಕು, ಉದ್ದಕ್ಕೆ ಏನೋ ಉತ್ತರಿಸಿದಳು.

"ಹಾಳೆ ಸರಿಮಾಡಕ್ಕೆ ಇನ್ನೂ ಸುಲಭದ ದಾರಿ ಐತಂತೆ. ಆ ವಿಡಿಯೋ ತೆಗೆದಾಕು, ನಾನೇ ಹೇಳ್ತೀನಿ ಅಂತಾಳೆ," ಎಂದಳು ಲುಬ್ನಾ.

ಯೋಗಾನಂದ ಶೂಟ್ ಮಾಡಲು ಫೋನ್ ಎತ್ತಿ ಹಿಡಿದ. ಸ್ಮಿತಾ ಕೈ ಮೇಲೆತ್ತಿದಳು. ಅಷ್ಟರಲ್ಲಿ ಭೀಮರಾಜನ ಹೊಟ್ಟೆ ಅಡ್ಡ ಬಂತು.

"ಸಾರ್, ಪಕ್ಕಕ್ ಸರ್ಕೊಳ್ರೀ! ಮೇಡಂ ಮಾತಾಡ್ತಾವ್ರೆ, ಕಾಣ್ತಿಲ್ವಾ?"