ಹನ್ನೆರಡು ನಿಮಿಷದ ಬಿಸ್ಕತ್ತು

ಬಿಸ್ಕತ್ತು ಮಾಡುವುದು ಬ್ರಹ್ಮವಿದ್ಯೆಯೇನಲ್ಲ. ಎರಡು ಲೋಟ ಮೈದಾ, ಒಂದು ಲೋಟ ಬೆಣ್ಣೆ, ಮುಕ್ಕಾಲು ಲೋಟ ಸಕ್ಕರೆ ಪುಡಿ, ಒಂದು ಚಿಟಿಕೆ ಉಪ್ಪು. ಕಲಸಿ, ಲಟ್ಟಿಸಿ, ಕತ್ತರಿಸಿ ಹನ್ನೆರಡು ನಿಮಿಷ ಓವನ್ನಿಗೆ ತಳ್ಳಿದರೆ ಮುಗಿಯಿತು. ಮೂವತ್ತು ವರ್ಷ ಬಟ್ಟೆ ಹೊಲಿದ ನನಗೆ ಇದು ಲಂಗಕ್ಕೆ ಲಾಡಿ ಪೋಣಿಸಿದಷ್ಟು ಸುಲಭ. ಹಾಗಿದ್ದೂ ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಒಂದು ತಟ್ಟೆ ಬಿಸ್ಕತ್ತು ಸೀದುಹೋಯಿತು. ತಪ್ಪು ನನ್ನದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸಂಜೆ ಐದಕ್ಕೆ ಮೊಬೈಲ್ ಅಂಗಡಿಯವನು ಬರುವವನಿದ್ದ. ಮುಚ್ಚಿದ ಅಂಗಡಿಯಲ್ಲಿದ್ದ ನಮ್ಮವರ ಕೆಲಸದ ಮೇಜನ್ನು ಕೊಳ್ಳಲು ಅಳತೆ ಮಾಡಿಕೊಂಡು, ಒಪ್ಪಿಗೆ ಪಡೆದು, ಮರುದಿನ ಸಾಗಿಸುವುದು ಅವನ ಲೆಕ್ಕಾಚಾರ. ನಮ್ಮವರು ಗಡಿಯಾರ ರಿಪೇರಿಯವರು. ಬೀದಿಯವರು ಮುಳ್ಳುಮೇಷ್ಟ್ರು ಎನ್ನುತ್ತಾರೆ. ಗಡಿಯಾರದ ಮುಳ್ಳಿಗೆ ಆ ಹೆಸರೋ, ಇವರ ನಾಲಿಗೆಯ ಮುಳ್ಳಿಗೋ ಎಂದು ನಾನು ವಿಚಾರಿಸಲು ಹೋಗಿಲ್ಲ.

ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಇವರ ಬಲಗೈ, ಬಲಗಾಲು ಇದ್ದಕ್ಕಿದ್ದಂತೆ ಸ್ವಾಧೀನ ತಪ್ಪಿದವು, ಮಾತು ತೊದಲಿತು. ಆಸ್ಪತ್ರೆ, ಮಾತ್ರೆ, ವ್ಯಾಯಾಮ ಎಲ್ಲ ಆಗಿ ಕಾಲು ಸರಿಹೋಯಿತು. ಮಾತಂತೂ ಮೊದಲಿಗಿಂತ ಚುರುಕಾಯಿತು. ಕೈ ಕೂಡ ಮುಕ್ಕಾಲು ಪಾಲು ಬಂದಿದೆ ಎಂದು ವ್ಯಾಯಾಮ ಮಾಡಿಸುವ ಹುಡುಗಿಯೇ ಹೇಳಿದ್ದಳು.

"ಬೆರಳಲ್ಲಿ ಶಕ್ತಿ ಇದೆ ಅಂಕಲ್. ನೀವು ಅದಕ್ಕೆ ಕೆಲಸಾನೇ ಕೊಡ್ತಿಲ್ಲ."

ಅವಳು ಕೊಟ್ಟ ರಬ್ಬರ್ ಚೆಂಡು ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು. ಇವರದು ಒಂದೇ ಮಾತು: "ನಡುಗೋ ಕೈಲಿ ಇನ್ನೊಬ್ಬರ ಗಡಿಯಾರ ಮುಟ್ಟಬಾರದು." ಆದರೆ ಮೇಜು ಒಮ್ಮೆ ಅಂಗಡಿಯ ಹೊಸ್ತಿಲು ದಾಟಿದರೆ ಈ ಮನುಷ್ಯ ಇನ್ನೆಂದೂ ಕೆಲಸಕ್ಕೆ ಕೂರುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಹೋಗುವ ಬರುವವರನ್ನು ನೋಡುವ ಮುದುಕನಾಗಿಬಿಡುತ್ತಾರೆ. ಆ ಮುದುಕನ ಜೊತೆ ಬಾಳಲು ನನಗೆ ಇಷ್ಟವಿರಲಿಲ್ಲ. ವಾರವೆಲ್ಲ ಜಗಳವಾಡಿ ಸೋತಿದ್ದೆ. ಆದರೂ ಬರುವವನಿಗೆ ಬರೀ ಟೀ ಕೊಟ್ಟು ಕಳಿಸಲಾಗುತ್ತದೆಯೇ? ಅದಕ್ಕೇ ಬಿಸ್ಕತ್ತು.

ಹಿಟ್ಟು ಕಲಸುತ್ತಿದ್ದಾಗ ಇವರು ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತರು.

"ರೀ, ನನ್ನ ಕೈಯೆಲ್ಲ ಬೆಣ್ಣೆ. ಒಂದು ಚಿಟಿಕೆ ಉಪ್ಪು ಹಾಕಿ."

ಇವರು ಎಡಗೈಯಿಂದ ಹಾಕಿದರು. ಬಲಗೈ ತೊಡೆಯ ಮೇಲೆ ನೆಂಟನ ಹಾಗೆ ಸುಮ್ಮನೆ ಕೂತಿತ್ತು. ನಾನು ನೋಡಿಯೂ ನೋಡದ ಹಾಗಿದ್ದೆ.

ಹಿಟ್ಟನ್ನು ಚೌಕವಾಗಿ ಲಟ್ಟಿಸಿ, ಬಟ್ಟೆಗೆ ಗುರುತು ಹಾಕುವ, ಸುತ್ತ ಹಲ್ಲುಗಳಿರುವ ನನ್ನ ಚಕ್ರವನ್ನು ಬಿಸಿನೀರಲ್ಲಿ ತೊಳೆದು ತಂದೆ. ಸ್ಕೇಲು ಇಟ್ಟು ಉದ್ದಕ್ಕೂ ಅಡ್ಡಕ್ಕೂ ಎಳೆದೆ. ದುಂಡಗೆ ಕತ್ತರಿಸಿದರೆ ಮೂಲೆಗಳೆಲ್ಲ ದಂಡ. ಚೌಕಕ್ಕೆ ಚೂರೂ ಉಳಿಯುವುದಿಲ್ಲ, ಅಂಚಿಗೆ ಹಲ್ಲು ಹಲ್ಲಾಗಿ ಅಲಂಕಾರ ಬೇರೆ. ಅರ್ಧ ಬಿಸ್ಕತ್ತು ತಟ್ಟೆಗೆ ಜೋಡಿಸಿ ಓವನ್ನಿಗಿಟ್ಟೆ, ಉಳಿದರ್ಧ ಮಣೆಯ ಮೇಲೇ ಇತ್ತು. ಗೋಡೆಯ ಗಡಿಯಾರದಲ್ಲಿ ಮೂರು ಇಪ್ಪತ್ತನಾಲ್ಕು. ಮೂರು ಮೂವತ್ತಾರಕ್ಕೆ ತೆಗೆದರಾಯಿತು.

ಫೋನ್ ನೋಡಬಾರದಿತ್ತೇ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಫೋನಿನಲ್ಲಿ ಸಮಯ ನೋಡುವುದೆಂದರೆ ಗಂಡನ ಎದುರು ಪಕ್ಕದ ಮನೆಯವನನ್ನು ಹೊಗಳಿದ ಹಾಗೆ. ಫೋನ್ ಬಂದ ಹೊಸದರಲ್ಲಿ ಒಮ್ಮೆ ನೋಡಿದ್ದಕ್ಕೆ ಇವರು ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಈ ಮನೆಯಲ್ಲಿ ಗಡಿಯಾರದ ಮಾತೇ ಕೊನೆಯ ಮಾತು.

ಹಾಗಾಗಿ ಘಮಘಮ ಎನ್ನುತ್ತಿದ್ದ ಪರಿಮಳ ಸ್ವಲ್ಪ ಕಟುವಾದಾಗಲೂ ನಾನು ತಲೆ ಎತ್ತಿ ಗಡಿಯಾರ ನೋಡಿದೆ. ಇನ್ನೂ ನಾಲ್ಕು ನಿಮಿಷ ಇತ್ತು. ಪಾತ್ರೆ ತೊಳೆದೆ. ಮತ್ತೆ ನೋಡಿದೆ, ಇನ್ನೂ ಮೂರು ನಿಮಿಷ. ಮೂಗು ಒಂದು ಹೇಳುತ್ತಿತ್ತು, ಗಡಿಯಾರ ಇನ್ನೊಂದು. ನಾನು ಗಡಿಯಾರವನ್ನು ನಂಬಿದೆ. ಮೂವತ್ತಾರಕ್ಕೆ ಬಾಗಿಲು ತೆರೆದರೆ ಹೊಗೆ. ಬಿಸ್ಕತ್ತು ಇದ್ದಿಲಿಗೆ ಅಣ್ಣತಮ್ಮನಾಗಿತ್ತು.

"ಹದಿನೇಳು ನಿಮಿಷ ಇಟ್ಟಿದ್ದೀಯ," ಎಂದರು ಇವರು, ಕೂತಲ್ಲಿಂದಲೇ.

"ಹನ್ನೆರಡು! ನಿಮ್ಮ ಗಡಿಯಾರ ನೋಡೇ ತೆಗೆದಿದ್ದು."

"ಅದು ಆರರ ಹತ್ತಿರ ನಿದ್ದೆ ಹೊಡೆಯುತ್ತೆ. ದೊಡ್ಡ ಮುಳ್ಳು ಸಡಿಲ. ಇಳಿಯುವಾಗ ಎರಡೂವರೆ ನಿಮಿಷ ಮುಂದೆ ಓಡುತ್ತೆ, ಏರುವಾಗ ಎರಡೂವರೆ ನಿಮಿಷ ಹಿಂದೆ ಜೋತು ಬೀಳುತ್ತೆ. ಗಂಟೆ ಹೊಡೆಯೋದು ಸರಿಯಾಗಿರೋದ್ರಿಂದ ನಿನಗೆ ಗೊತ್ತಾಗಿಲ್ಲ."

"ನಿಮಗೆ ಯಾವಾಗಿಂದ ಗೊತ್ತು?"

ನಾನು ತಟ್ಟೆಯನ್ನು ಕುಕ್ಕಿದೆ.

"ಅವತ್ತು ಬೆಳಿಗ್ಗೆ," ಎಂದರು ಕೊನೆಗೆ, "ಅದನ್ನೇ ಬಿಗಿ ಮಾಡ್ತಾ ಇದ್ದೆ. ಆಗಲೇ ಕೈ ಹೋಯ್ತು."

ನನಗೆ ನೆನಪಾಯಿತು. ಆಸ್ಪತ್ರೆಯಿಂದ ಬಟ್ಟೆ ತೆಗೆದುಕೊಂಡು ಹೋಗಲು ಬಂದಾಗ ಗಡಿಯಾರ ಅಡುಗೆಮನೆಯ ಮೇಜಿನ ಮೇಲಿತ್ತು. ಕೆಲಸ ಮುಗಿದಿದೆ ಎಂದುಕೊಂಡು ನಾನೇ ಮೊಳೆಗೆ ತೂಗುಹಾಕಿದ್ದೆ. ಎಂಟು ತಿಂಗಳು ಈ ಮನುಷ್ಯ ದಿನವೂ ಅದರ ಎದುರು ಕೂತು ಊಟ ಮಾಡಿದ್ದಾರೆ, ಬಾಯಿ ಬಿಟ್ಟಿಲ್ಲ. ಅಳು ಒತ್ತರಿಸಿಕೊಂಡು ಬಂತು. ನನಗೆ ಅಳು ಬಂದರೆ ಅದು ಬೈಗುಳವಾಗಿಯೇ ಹೊರಗೆ ಬರುವುದು.

"ಊರವರ ಗಡಿಯಾರ ಮುಟ್ಟಬಾರದು, ಸರಿ. ಇದು ಊರವರದ್ದಾ? ನಮ್ಮನೇದು ತಾನೆ? ಹಾಳಾದ್ರೆ ನಿಮ್ಮನ್ನ ಕೇಳೋಕೆ ಬರೋಳು ನಾನೊಬ್ಬಳೇ! ಮುಳ್ಳುಮೇಷ್ಟ್ರ ಮನೇಲಿ ಗಡಿಯಾರ ನಂಬಿ ಬಿಸ್ಕತ್ತು ಸೀದುಹೋಯ್ತು ಅಂತ ಐದು ಗಂಟೆಗೆ ಬರೋನಿಗೆ ಹೇಳ್ತೀನಿ. ಬೀದಿಯೆಲ್ಲ ನಗಲಿ!"

ಇವರ ಮುಖ ಕೆಂಪಾಯಿತು. ಗಡಿಯಾರ ರಿಪೇರಿಯವರಿಗೆ ಬಡತನದ ಮಾತು ಆಡಿದರೂ ತಡೆದುಕೊಂಡಾರು, ಮನೆಯ ಗಡಿಯಾರ ತಪ್ಪು ಎಂದರೆ ತಡೆಯಲಾರರು.

"ಇಳಿಸು ಅದನ್ನ," ಎಂದರು.

ನಾನು ಇಳಿಸಿ ಹಿಟ್ಟಿನ ಮಣೆಯ ಪಕ್ಕದಲ್ಲೇ ಇಟ್ಟೆ. ಅಟ್ಟದಿಂದ ಇಕ್ಕಳ ಇಳಿಸಿ ಕೊಟ್ಟೆ. ನಡುವಿನ ನಟ್ಟು ಬಿಚ್ಚಿ, ದೊಡ್ಡ ಮುಳ್ಳನ್ನು ಹೊರತೆಗೆದು, ಅದರ ಕೊರಳನ್ನು ಇಕ್ಕಳದಲ್ಲಿ ಒಂದಿಷ್ಟು ಒತ್ತಿ ಬಿಗಿ ಮಾಡಬೇಕು. ಅಷ್ಟನ್ನು ಎಡಗೈಯಲ್ಲೇ ಹೇಗೋ ಮುಗಿಸಿದರು. ಕಷ್ಟ ಇದ್ದದ್ದು ನಟ್ಟನ್ನು ಮತ್ತೆ ಕೂರಿಸುವುದರಲ್ಲಿ. ನನ್ನ ಗುಂಡುಸೂಜಿಯ ತಲೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಎಡಗೈ ಬೆರಳಿಗೆ ಆ ಕೆಲಸ ಗೊತ್ತಿಲ್ಲ.

ಬಲಗೈ ಮೇಲೆ ಬಂತು. ನಟ್ಟು ಹಿಡಿಯಿತು, ಬೀಳಿಸಿತು. ಮತ್ತೆ ಹಿಡಿಯಿತು, ನೆಲಕ್ಕೆ ಬೀಳಿಸಿತು. ಸೂಜಿ ಹೆಕ್ಕುವ ಅಯಸ್ಕಾಂತ ತಂದು ನಾನು ನೆಲವೆಲ್ಲ ಆಡಿಸಿದೆ.

"ಅದು ಹಿತ್ತಾಳೆ ಕಣೇ! ಅಯಸ್ಕಾಂತಕ್ಕೆ ಸಿಗಲ್ಲ. ಇಷ್ಟು ವರ್ಷ ನನ್ನ ಜೊತೆ ಇದ್ದು ಏನು ಕಲಿತೆ?"

ಬೈಗುಳ ಕೇಳಿ ನನಗೆ ಎಂಟು ತಿಂಗಳಲ್ಲಿ ಮೊದಲ ಬಾರಿಗೆ ನೆಮ್ಮದಿಯಾಯಿತು. ಮಂಡಿಯೂರಿ ಹುಡುಕಿ ಕೊಟ್ಟೆ.

ಮೂರನೆಯ ಸಲ ನಟ್ಟು ಜಾರಿ ಮಣೆಯ ಮೇಲೆ ಉದುರಿಸಿದ್ದ ಮೈದಾಹಿಟ್ಟಿನಲ್ಲಿ ಬಿತ್ತು. ಇವರು ಸಿಟ್ಟಿನಲ್ಲಿ ಅದರೊಳಗೇ ಕೈ ಹಾಕಿ, ಒಂದು ಚಿಟಿಕೆ ಹಿಟ್ಟಿನ ಸಮೇತ ನಟ್ಟನ್ನು ಎತ್ತಿದರು. ಬೆವರಿದ್ದ ಬೆರಳಿಗೆ ಹಿಟ್ಟು ಹತ್ತಿತ್ತು. ಈ ಸಲ ನಟ್ಟು ಜಾರಲಿಲ್ಲ. ಇವರು ಅದನ್ನು ನಡುವಿನ ಕಡ್ಡಿಯ ತುದಿಯ ಮೇಲೆ ಇಟ್ಟರು. ಕೈ ನಡುಗಿತು, ನಿಂತಿತು, ಮತ್ತೆ ನಡುಗಿತು. ಹೆಬ್ಬೆರಳು ತೋರುಬೆರಳು ಸೇರಿ ಒಂದು ಸುತ್ತು ತಿರುಗಿಸಿದವು. ಆಮೇಲೆ ಇನ್ನೊಂದು ಸುತ್ತು. ನಾನು ಮಾತಾಡಲಿಲ್ಲ, ಅದು ನನ್ನ ಮಟ್ಟಿಗೆ ಸಣ್ಣ ಸಾಧನೆಯಲ್ಲ.

ನಾಲ್ಕು ಗಂಟೆಗೆ ಬೀದಿ ಕೊನೆಯ ಕಾರ್ಖಾನೆಯ ಸೈರನ್ ಕೂಗಿತು. ಇವರು ಮುಳ್ಳನ್ನು ಹನ್ನೆರಡರ ಮೇಲೆ ನಿಲ್ಲಿಸಿ, "ತೂಗುಹಾಕು," ಎಂದರು. ನಾನು ಮಣೆಯ ಮೇಲಿನ ಹಳೇ ಹಿಟ್ಟು ಒರೆಸಿ, ಉಳಿದ ಬಿಸ್ಕತ್ತನ್ನು ತಟ್ಟೆಗೆ ಜೋಡಿಸಿ ಓವನ್ನಿನ ಹತ್ತಿರ ಹೋದೆ.

"ಈಗ ಬೇಡ. ನಾಲ್ಕು ಇಪ್ಪತ್ತೈದಕ್ಕೆ ಇಡು. ಆರು ದಾಟಿಕೊಂಡೇ ಹೋಗ್ಲಿ. ಪರೀಕ್ಷೆ ಆಗಲಿ."

"ಇದೂ ಸೀದುಹೋದ್ರೆ? ಬರೋನಿಗೆ ಏನು ಕೊಡೋದು?"

"ಸೀಯಲ್ಲ," ಎಂದರು.

ಆ ದನಿ ಕೇಳಿ ಎಷ್ಟು ದಿನವಾಗಿತ್ತು! ಇಪ್ಪತ್ತೈದಕ್ಕೆ ಇಟ್ಟೆ. ಮುಳ್ಳು ಆರಕ್ಕೆ ಬಂದಾಗ ಇಬ್ಬರೂ ಕತ್ತು ಚಾಚಿ ನೋಡಿದೆವು. ಅದು ನಿಲ್ಲಲಿಲ್ಲ, ಜೋತು ಬೀಳಲಿಲ್ಲ, ಏರಿಕೊಂಡು ಹೋಯಿತು. ಮೂವತ್ತೇಳಕ್ಕೆ ತೆಗೆದೆ. ನಡುವೆ ಕೆನೆಬಣ್ಣ, ಹಲ್ಲಿನ ಅಂಚಿಗೆ ಮಾತ್ರ ಹೊಂಬಣ್ಣ.

ಮೊಬೈಲ್ ಅಂಗಡಿಯವನು ಟೇಪು ಹಿಡಿದುಕೊಂಡೇ ಬಂದ. "ಐದು ಅಂದ್ರೆ ಐದಕ್ಕೇ ಬಂದಿದ್ದೀನಿ, ಮೇಷ್ಟ್ರೇ," ಎಂದು ಫೋನು ತೋರಿಸಿದ. ಒಳಗೆ ಗಡಿಯಾರ ಐದು ಹೊಡೆಯಿತು. ಇವರು ಫೋನಿನತ್ತ ಬಗ್ಗಿ ನೋಡಿದರು.

"ಪರವಾಗಿಲ್ಲ. ನಿನ್ನ ಫೋನು ಸರಿಯಾಗೇ ಇದೆ."

ಅವನು ಟೇಪು ಬಿಚ್ಚಿದ. "ಮೇಜು ಎಲ್ಲಿದೆ?"

"ಅಂಗಡೀಲಿ. ಅಲ್ಲೇ ಇರುತ್ತೆ, ಅದನ್ನ ಕೊಡಲ್ಲ. ಬಿಸ್ಕತ್ತು ತಗೋ, ಎಷ್ಟು ಬೇಕಾದ್ರೂ ತಗೋ."

ಪಾಪ, ಒಳ್ಳೆಯವನು. ಮೇಜಿನ ಬದಲು ಎಂಟು ಬಿಸ್ಕತ್ತು ತಿಂದು ಎದ್ದ. ಅವನು ಹೋದ ಮೇಲೆ ಇವರು ಸೀದ ತಟ್ಟೆಯಿಂದ ಒಂದನ್ನು ಎತ್ತಿ, ಕಡಿದು, ಮುಖ ಕಿವುಚಿ ನನ್ನನ್ನೇ ದಿಟ್ಟಿಸಿದರು.

"ಬೇಕಂತಲೇ ಸೀಯಿಸಿದೆ ಅಲ್ವಾ? ನಾನು ಗಡಿಯಾರ ಮುಟ್ಟಲಿ ಅಂತ?"

ನಾನು ಸುಮ್ಮನೆ ನಕ್ಕೆ. ಬುದ್ಧಿವಂತೆ ಎಂಬ ಹೆಸರು ಪುಕ್ಕಟೆ ಸಿಗುವಾಗ ಬೇಡ ಎನ್ನುವಷ್ಟು ಪೆದ್ದಿ ನಾನಲ್ಲ.

"ನಾಳೆ ಆರಕ್ಕೆ ಎಬ್ಬಿಸು. ಅಂಗಡಿ ಗುಡಿಸೋಕೇ ಅರ್ಧ ದಿನ ಬೇಕು."

"ಯಾವ ಗಡಿಯಾರ ನೋಡಿ ಎಬ್ಬಿಸಲಿ?"

ಇವರು ಹಿಟ್ಟು ಹತ್ತಿದ ಬಲಗೈ ಎತ್ತಿ ಅಡುಗೆಮನೆಯ ಗೋಡೆ ತೋರಿಸಿದರು. ಕೈ ಇನ್ನೂ ನಡುಗುತ್ತಿತ್ತು. ಇವರು ಅದನ್ನು ಕೆಳಗಿಳಿಸಲಿಲ್ಲ.