ಕೆಳತುಟಿ

ಅಣ್ಣ ನನ್ನ ಬಟ್ಟಲಿಗೆ ಬೇಕಂತಲೇ ಉಪ್ಪು ಸುರಿಯುತ್ತಾನೆ ಎಂದು ನಾಲ್ಕು ತಿಂಗಳು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಆ ಸಿಟ್ಟನ್ನು ಕೂಳು ಹಾಕಿ ಸಾಕಿದ್ದೆ. ವಾರವಿಡೀ ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳಿಗೆ ಉಪ್ಪಿಲ್ಲದ ಊಟ ಬೇಯಿಸುವವಳು ನಾನು. ಗುರುವಾರ ರಜೆ. ಆ ಒಂದು ಮಧ್ಯಾಹ್ನ ಅಣ್ಣನ ರಾಮೆನ್ ಅಂಗಡಿಗೆ ಹೋಗಿ, ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂತು, ಸಮುದ್ರವನ್ನೇ ಕುಡಿದು ಬರುತ್ತಿದ್ದೆ.

ಅಂಗಡಿ ಎಂದರೆ ಎಂಟು ಸ್ಟೂಲು, ಒಂದು ಉದ್ದನೆಯ ಕಟ್ಟೆ, ಕಟ್ಟೆಯ ಆಚೆ ಒಲೆ. ಒಲೆಯ ಮೇಲೆ ನನ್ನ ಸೊಂಟದೆತ್ತರದ ಹಂಡೆಯಲ್ಲಿ ನಸುಕಿನಿಂದ ಕುದಿಯುವ ಎಲುಬಿನ ಸಾರು. ಬಟ್ಟಲಿನ ತಳಕ್ಕೆ ಮೊದಲು ಸೋಯಾದ ಕಪ್ಪು ಉಪ್ಪುರಸ, ಅದರ ಮೇಲೆ ಸಾರು, ಆಮೇಲೆ ಬೆಂದ ನೂಡಲ್ಸು, ಅರ್ಧ ಮೊಟ್ಟೆ, ಹೆಚ್ಚಿದ ಈರುಳ್ಳಿ ಸೊಪ್ಪು. ಆ ಉಪ್ಪುರಸಕ್ಕೆ ಅಪ್ಪ ಕಷಾಯ ಎಂದು ಹೆಸರಿಟ್ಟಿದ್ದರು. ಇಡೀ ಬಟ್ಟಲಿನ ಹಣೆಬರಹ ಇರುವುದು ಆ ಕಷಾಯದ ಅಳತೆಯಲ್ಲೇ.

ಅಂಗಡಿ ಅಪ್ಪ ಕಟ್ಟಿದ್ದು. ಅಣ್ಣನೂ ನಾನೂ ಅಲ್ಲೇ ಕೈ ಪಳಗಿಸಿಕೊಂಡವರು. ಅಪ್ಪ ತೀರಿಕೊಂಡ ಮೂರನೇ ವಾರ ಅಣ್ಣ, ಒಂದು ಒಲೆಗೆ ಎರಡು ಕೈ ಬೇಡ, ನೀನು ಬೇರೆ ಎಲ್ಲಾದರೂ ಕೆಲಸ ನೋಡಿಕೊ ಎಂದ. ಅತ್ತಿಗೆ ಬಟ್ಟಲು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಹದಿನೆಂಟು ವರ್ಷ ಬೆವರು ಸುರಿಸಿದ ಜಾಗದಿಂದ ನನ್ನನ್ನು ಕರಿಬೇವಿನ ಎಲೆಯ ಹಾಗೆ ಎತ್ತಿ ಪಕ್ಕಕ್ಕಿಟ್ಟರು. ಏಪ್ರನ್ ಬಿಚ್ಚಿ ಕಟ್ಟೆಯ ಮೇಲೆ ಎಸೆದು ಬಂದೆ. ಆದರೂ ಪ್ರತಿ ಗುರುವಾರ ಗಿರಾಕಿಯ ಹಾಗೆ ಊಟಕ್ಕೆ ಹೋಗತೊಡಗಿದೆ. ಹೋಗದಿದ್ದರೆ ನಾನು ಸೋತ ಹಾಗಾಗುತ್ತಿತ್ತು.

ನಮ್ಮ ಮನೆಯಲ್ಲಿ ರುಚಿಯನ್ನು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ಅಂಗಡಿ ತೆರೆಯುವ ಮೊದಲು ಅಪ್ಪ ನಮ್ಮಿಬ್ಬರಲ್ಲಿ ಒಬ್ಬರಿಗೆ ಬಟ್ಟಲು ಕೊಟ್ಟು ಎದುರು ನಿಂತು ಮುಖ ನೋಡುತ್ತಿದ್ದರು. ಬಾಯಿ ಮರ್ಯಾದೆಗೆ ಸುಳ್ಳು ಹೇಳುತ್ತದೆ, ಮುಖಕ್ಕೆ ಅಷ್ಟು ಬುದ್ಧಿ ಇಲ್ಲ ಎನ್ನುವುದು ಅವರ ವಾದ. ಕಣ್ಣು ಕಿರಿದಾದರೆ ಉಪ್ಪು ಜಾಸ್ತಿ, ಕೆಳತುಟಿ ಮುಂದೆ ಬಂದರೆ ಕಡಿಮೆ. ತಲೆ ಎತ್ತದೆ ತಿನ್ನುತ್ತಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ.

ಕೆಲಸ ಬಿಟ್ಟ ಮೇಲಿನ ಮೊದಲ ಗುರುವಾರ ಅಣ್ಣನ ಸಾರು ಕುಡಿದು ಕೆಳತುಟಿ ಮುಂದೆ ಚಾಚಿದೆ. ಸಾರಿಗೆ ಏನೂ ಆಗಿರಲಿಲ್ಲ. ಅವನಿಗೆ ಚುಚ್ಚಲಿ ಎಂದೇ ಮಾಡಿದ್ದು. ಅವನ ಮುಖ ಸಣ್ಣಗಾಯಿತು, ನನಗೆ ತಿನ್ನದೆಯೇ ಹೊಟ್ಟೆ ತುಂಬಿತು. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಆಗೆಲ್ಲ ಅವನು ತಾನೇ ಒಂದು ಚಮಚ ಕುಡಿದು ನೋಡಿ, ತಲೆ ಕೊಡವಿ ಅಳತೆಯನ್ನು ಹಾಗೇ ಬಿಡುತ್ತಿದ್ದ. ನಡುವೆ ಅವನಿಗೆ ಕೆಟ್ಟ ಜ್ವರ ಬಂದು ಅಂಗಡಿ ಎರಡು ವಾರ ಮುಚ್ಚಿತ್ತು. ನಾನು ನೋಡಲೂ ಹೋಗಲಿಲ್ಲ.

ಮತ್ತೆ ಅಂಗಡಿ ತೆರೆದ ಮೇಲೆ ಒಂದೆರಡು ವಾರದಲ್ಲೇ ಸಾರಿಗೆ ಉಪ್ಪು ಏರತೊಡಗಿತು. ಓಹೋ, ಮುಯ್ಯಿ ತೀರಿಸುತ್ತಿದ್ದಾನೆ ಎಂದುಕೊಂಡೆ. ನಾನೇನು ಕಡಿಮೆಯೇ? ಒಂದೇ ಬಳ್ಳಿಯ ಕಾಯಿಗಳಲ್ಲವೇ ನಾವು? ಗಂಟಲು ಉರಿಯುತ್ತಿದ್ದರೂ ಕೆಳತುಟಿಯನ್ನು ಇನ್ನಷ್ಟು ಮುಂದೆ ಮಾಡಿದೆ. ಮೂಟೆಗಟ್ಟಲೆ ಸುರಿ, ನನ್ನ ಮಟ್ಟಿಗೆ ಇದು ಸಪ್ಪೆಯೇ ಎಂಬಂತೆ.

ಹೋದ ಗುರುವಾರ ಹೋದಾಗ ಊಟದ ಹೊತ್ತಿಗೇ ಆರು ಸ್ಟೂಲು ಖಾಲಿ. ಮೊದಲು ಆ ಹೊತ್ತಿಗೆ ಜನ ಹೊರಗೆ ಗೋಡೆಗೆ ಒರಗಿ ಕಾಯುತ್ತಿದ್ದರು. ಆಚೆ ತುದಿಯಲ್ಲಿ ಒಬ್ಬ ಗಿರಾಕಿ, ನನ್ನ ಪಕ್ಕದಲ್ಲಿ ಒಬ್ಬ ಬಸ್ ಡ್ರೈವರ್ ಕೂತಿದ್ದ. ಅಪ್ಪನ ಕಾಲದಿಂದ ಬರುವವನು, ತಳದ ಕೊನೆಯ ಹನಿಯನ್ನೂ ಬಿಡದವನು. ಮೂರು ತುತ್ತು ತಿಂದು ಬಟ್ಟಲು ಸರಿಸಿದ. ಅಣ್ಣನಿಗೆ ಸೂಪರ್ ಎಂದು ಹೇಳಿ ಹೊರಟುಹೋದ. ಬಟ್ಟಲಿನಲ್ಲಿ ಸಾರು ಹಾಗೇ ಇತ್ತು. ನನಗೇನನ್ನಿಸಿತೋ, ನನ್ನ ಚಮಚವನ್ನು ಅವನ ಎಂಜಲಿಗೇ ಅದ್ದಿ ಬಾಯಿಗಿಟ್ಟೆ.

ಅದೇ ಉಪ್ಪು.

ಪಿತ್ತ ನೆತ್ತಿಗೇರಿತು ನನಗೆ. ನನ್ನ ಬಟ್ಟಲು ಹಾಳು ಮಾಡಲಿ, ಅದು ನಮ್ಮಿಬ್ಬರ ಜಗಳ. ಅಪ್ಪನ ಅಂಗಡಿ ಹಾಳು ಮಾಡಲು ಇವನ್ಯಾರು? ನನ್ನನ್ನು ಓಡಿಸಿ ಒಬ್ಬನೇ ಉಳಿಸಿಕೊಂಡ ಒಲೆಯ ಮರ್ಯಾದೆ ಇದೇನಾ? ಕಟ್ಟೆಯ ಕೊನೆಯ ಹಲಗೆ ಎತ್ತಿ ಒಳಗೆ ನುಗ್ಗಿದೆ. ಅತ್ತಿಗೆ ಅಡ್ಡ ಬಂದಳು. ಅವಳ ಪಕ್ಕದಿಂದಲೇ ದಾಟಿದೆ. ಕಷಾಯದ ಪಾತ್ರೆಯಿಂದ ಒಂದು ಲೋಟ ತುಂಬಿ, ಸಾರು ಬೆರೆಸದೆ, ಅಣ್ಣನ ಮೂಗಿನ ಕೆಳಗೆ ಹಿಡಿದೆ.

"ಕುಡಿ ಇದನ್ನ. ಊರಿಗೆಲ್ಲ ಏನು ಕುಡಿಸ್ತಾ ಇದ್ದೀಯ ಅಂತ ನೀನೂ ನೋಡು."

ಅವನು ಕುಡಿದ. ಬರೀ ಕಷಾಯವದು, ಒಂದು ಗುಟುಕಿಗೆ ಯಾರಾದರೂ ಥೂ ಎಂದು ಉಗಿಯಬೇಕು. ನೀರು ಕುಡಿದ ಹಾಗೆ ಅರ್ಧ ಲೋಟ ಇಳಿಸಿ, ನನ್ನ ಮುಖವನ್ನೇ ನೋಡುತ್ತಾ ಸಣ್ಣ ದನಿಯಲ್ಲಿ ಕೇಳಿದ.

"ಇನ್ನೂ ಕಮ್ಮಿನಾ?"

ಅತ್ತಿಗೆ ಅವನ ಕೈಯಿಂದ ಲೋಟ ಕಿತ್ತುಕೊಂಡು ತಾನೊಂದು ಹನಿ ಬಾಯಿಗೆ ಹಾಕಿಕೊಂಡಳು, ಸಿಂಕಿಗೆ ಓಡಿದಳು. ಅವಳಿಗೂ ಗೊತ್ತಿರಲಿಲ್ಲ. ಜ್ವರದಿಂದ ಎದ್ದ ದಿನದಿಂದ ಅವನ ನಾಲಿಗೆಗೆ ಏನೂ ಹತ್ತುತ್ತಿರಲಿಲ್ಲವಂತೆ. ಕಾಫಿಯೂ ಒಂದೇ, ಮೆಣಸಿನಕಾಯಿಯೂ ಒಂದೇ. ನಾಳೆ ಸರಿಹೋದೀತು, ನಾಡಿದ್ದು ಸರಿಹೋದೀತು ಎಂದು ಬಾಯಿ ಮುಚ್ಚಿಕೊಂಡಿದ್ದ. ಹೆಂಡತಿಗೆ ಅವನು ಕಲ್ಲು ಬೇಯಿಸಿ ಕೊಟ್ಟರೂ ಚೆನ್ನಾಗಿರುತ್ತದೆ. ಗಿರಾಕಿಗಳು ಸೂಪರ್ ಎನ್ನುತ್ತಾರೆ, ಮತ್ತೆ ಬರುವುದಿಲ್ಲ. ಹಾಗಾಗಿ ಪ್ರತಿ ಗುರುವಾರ ನನ್ನ ಮುಖ ನೋಡಿ ಕಷಾಯದ ಅಳತೆ ಏರಿಸುತ್ತಿದ್ದ. ಮುಂದಿನ ಗುರುವಾರದವರೆಗೆ ಊರಿಗೆಲ್ಲ ಅದೇ ಅಳತೆ.

ನನಗೆ ಮೈಯೆಲ್ಲ ಉರಿಯಿತು. ಬಾಯಿ ಬಿಟ್ಟು ಒಂದು ಮಾತು ಕೇಳಲು ಏನಾಗಿತ್ತು ಎಂದು ಕೂಗಾಡಿದೆ. ಹೊಟ್ಟೆಗೇನು ತಿನ್ನುತ್ತೀಯ, ಅಪ್ಪ ಇದ್ದಿದ್ದರೆ ಸೌಟಿನಲ್ಲೇ ಬಾರಿಸುತ್ತಿದ್ದರು ಎಂದೆ. ಉಳಿದಿದ್ದ ಒಬ್ಬ ಗಿರಾಕಿಯೂ ಎದ್ದು ಹೋದ.

"ನಿನ್ನನ್ನ ಓಡಿಸಿದ ಬಾಯಲ್ಲೇ ಹೇಗೆ ಕೇಳಲಿ?" ಎಂದ ಅಣ್ಣ. "ಕೇಳದೇ ಇದ್ರೂ ನಿನ್ನ ಮುಖ ಹೇಳ್ತಿತ್ತಲ್ಲ."

ಅಲ್ಲಿಗೆ ನನ್ನ ಕೂಗಾಟ ನಿಂತಿತು. ಇನ್ನು ಹೇಳದೆ ಗತಿ ಇರಲಿಲ್ಲ. ಆ ಕ್ಷಣ ಅವನ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು, ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುವಷ್ಟು.

"ಯಾವತ್ತೂ ಕಮ್ಮಿ ಇರಲಿಲ್ಲ ಕಣೋ," ಎಂದೆ. "ಮೊದಲನೇ ದಿನದಿಂದ ಸುಳ್ಳು ಮುಖ ಮಾಡಿದ್ದೀನಿ. ನಿನಗೆ ನೋವಾಗಲಿ ಅಂತ."

"ಜ್ವರ ಬಿಟ್ಟ ಮೇಲಿನ ಮೊದಲ ಗುರುವಾರ?"

"ಅವತ್ತೂ ಸರಿಯಾಗೇ ಇತ್ತು. ಅಪ್ಪ ಮಾಡಿದ ಹಾಗೇ ಇತ್ತು."

ಅವನು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ.

"ಅಂದ್ರೆ ನಾಲಿಗೆ ಹೋದ್ರೂ ಕೈಗೆ ಅಳತೆ ನೆನಪಿತ್ತು," ಎಂದ. "ನಾನೇ ಅದನ್ನ ನಂಬಲಿಲ್ಲ. ನಿನ್ನ ನಂಬಿದೆ."

ಬೈಯಲಿ ಎಂದು ಕಾದು ನಿಂತೆ. ಅವನು ಹಂಡೆಯ ಕೆಳಗಿನ ಉರಿ ಆರಿಸಿದ. ಆಮೇಲೆ ನನ್ನ ಮುಖ ನೋಡಲೇ ಇಲ್ಲ.